ಕೇಳದ ಕೊಟ್ಟ ಬಾಳೆಹಣ್ಣು

ಮೊನ್ನೆ ರವಿವಾರ ಹುಬ್ಬಳ್ಳಿಯ ಒಂದು ದವಾಖಾನಿ ವಾರ್ಡಿನಾಗ ನೋಡಿದ್ದು. ಆರಾಧನೆ ಮುಗಿಸಿಕೊಂಡು ಒಂದು ಚರ್ಚಿನ ಸಭೆಯವರು ಬಂದ್ರು, ಹದಿನೈದಿಪ್ಪತ್ತು ಮಂದಿ. ಮುಂದ ಇಬ್ಬರು ಹುಡುಗರು ಫ್ಲೆಕ್ಸ್ ಹಿಡಕೊಂಡು, ನಡುವ ಬಾಳೆಹಣ್ಣಿನ ಬುಟ್ಟಿ, ಬ್ರೆಡ್ಡು, ಹಿಂದ ಫೋಟೋ ತಗಿಯಾಂವ. ಅಲ್ಲ ಅಲ್ಲ, ಅಂವ ಎಲ್ಲಾರಕಿಂತ ಮುಂದ ಇದ್ದ. ಒಂದೊಂದು ಕಾಟಿಗೆ ಎರಡು ಬಾಳೆಹಣ್ಣು, ಒಂದು ಬ್ರೆಡ್ಡು, ಒಂದು ಕರಪತ್ರ, ಒಂದು ಫೋಟೋ. ಕಾಲು ತಾಸಿನಾಗ ವಾರ್ಡು ಮುಗೀತು. "ನಿಮಗ ಏನು ಬೇಕ್ರಿ?" ಅನ್ನೋ ಮಾತು ಒಬ್ಬರ ಬಾಯಿಂದಾನೂ ಬರಲಿಲ್ಲ.

ನಾನೂ ಚರ್ಚಿನ ಬೆಂಚಿನ ಮ್ಯಾಲೆ ಕುಂಡ್ರೋ ಮನುಷ್ಯಾನ. ಹೊರಗ ನಿಂತು ಕಲ್ಲು ಒಗಿಯಾಂವ ಅಲ್ಲ. ಅದಕ್ಕ ಸಿಟ್ಟು ಇನ್ನೂ ಜಾಸ್ತಿ.

ಬಾಳೆಹಣ್ಣಿನಾಗ ಏನು ತಪ್ಪು ಅಂತೀರಿ? ಕೇಳ್ರಿ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮ್ಯಾಲೆ ಇರೋರಿಗೆ ಬಾಳೆಹಣ್ಣು, ಎಳನೀರು ಎರಡೂ ಅಪಾಯ. ಅವರ ಕಿಡ್ನಿ ಪೊಟ್ಯಾಸಿಯಂ ಹೊರಗ ಹಾಕಂಗಿಲ್ಲ, ಅದು ರಕ್ತದಾಗ ಏರಿ ಎದಿ ಬಡಿತದ ತಾಳಾನ ತಪ್ಪಿಸತೈತಿ. ಲಕ್ವಾ ಹೊಡದು ನುಂಗಾಕ ಬರದವರ ಬಾಯಿಗೆ ಬ್ರೆಡ್ಡಿನ ತುಣುಕು ಇಟ್ರ ಅದು ದಾರಿ ತಪ್ಪಿ ಶ್ವಾಸನಾಳಕ್ಕ ಇಳೀತೈತಿ, ಹಿಂದಿಂದ ನ್ಯುಮೋನಿಯಾ. ಆಪರೇಷನ್ನಿಗೆ ಖಾಲಿ ಹೊಟ್ಟೀಲೆ ಇರು ಅಂದಿರ್ತಾರ. ಪಾಪ, ಇಷ್ಟು ಪ್ರೀತಿಯಿಂದ ಕೊಟ್ರಲ್ಲ ಅಂತ ಅಜ್ಜ ಒಂದು ಹಣ್ಣು ತಿಂದುಬಿಟ್ರ ಆಪರೇಷನ್ನ ಮುಂದಕ್ಕ ಹೋಗತೈತಿ. ಶುಗರ್ ಇದ್ದವರ ಕೈಯಾಗ ಸಿಹಿ ಬ್ರೆಡ್ಡು ಇಡೋದನ್ನಂತೂ ನಾ ಹೇಳೋದ ಬ್ಯಾಡ. ಇದಕ್ಕೆಲ್ಲಾ ಡಾಕ್ಟರಿಕಿ ಓದಬೇಕಿಲ್ಲ. ವಾರ್ಡಿನ ಸಿಸ್ಟರ್ ಹತ್ರ ಹೋಗಿ "ಯಾವ ಕಾಟಿನವರಿಗೆ ಏನು ಕೊಡಬಾರದ್ರಿ?" ಅಂತ ಕೇಳಿದ್ರ ಎರಡು ನಿಮಿಷದಾಗ ಹೇಳತಾರ.

ಮಾರ್ಕನ ಸುವಾರ್ತೆ ಹತ್ತನೇ ಅಧ್ಯಾಯದಾಗ ಬಾರ್ತಿಮಾಯ ಅನ್ನೋ ಕುರುಡ ದಾರಿ ಬಾಜು ಕುಂತು ಒದರತಾನ. ಯೇಸು ಕರಸ್ತಾನ, ಕರಸಿ ಕೇಳತಾನ: ನಿನಗ ಏನು ಮಾಡಬೇಕಪಾ? ಕುರುಡಗ ಕಣ್ಣು ಬೇಕು ಅನ್ನೋದು ಅವನಿಗೆ ತಿಳೀತಿರಲಿಲ್ಲೇನು? ಆದರೂ ಕೇಳಿದ. ನಾವು ಅವನಕಿಂತ ಶ್ಯಾಣ್ಯಾರು, ಕೇಳದನ ಬಾಳೆಹಣ್ಣು ಕೊಡತೇವಿ.

ಕೇಳಿದ್ರ ಏನು ತಿಳೀತಿತ್ತು ಅಂದ್ರ, ವಾರ್ಡಿನಾಗ ಹಸಕೊಂಡಿರಾಂವ ಬಹಳ ಸಲ ಪೇಶಂಟ ಅಲ್ಲ. ಪೇಶಂಟಗ ದವಾಖಾನಿ ಊಟ ಬರತೈತಿ. ಸವಣೂರು, ಶಿಗ್ಗಾವಿ, ರೋಣ, ಮುಂಡರಗಿ ಕಡೆಯಿಂದ ಜೊತೀಗೆ ಬಂದು ವರಾಂಡದಾಗ ಬಿದ್ದಿರತಾರಲ್ಲ, ಅವರಿಗೆ ಇಲ್ಲ. ಅವರಿಗೆ ಊಟ ಒಯ್ಯೋರು ಅನ್ನ-ಸಾರು ಒಯ್ಯಬ್ಯಾಡ್ರಿ. ಏಪ್ರಿಲ್ ಬಿಸಲಾಗ ಮುಂಜಾನೆ ಕಟ್ಟಿದ್ದು ಸಂಜೀಕ ಹಳಸತೈತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ತೆಳ್ಳಗ ಬಡದ್ರ ಕೆಜಿ ಜೋಳದ ಹಿಟ್ಟಿಗೆ 18–20 ರೊಟ್ಟಿ ಏಳತಾವ. 40 ಮಂದಿಗೆ ತಲಾ 4 ಅಂದ್ರ 160 ರೊಟ್ಟಿ, 8–9 ಕೆಜಿ ಹಿಟ್ಟು. ತಲಾ 50 ಗ್ರಾಂ ಹಿಂಡಿ ಅಂದ್ರ 2 ಕೆಜಿ. ಹಂಚಿನ ಮ್ಯಾಲೆ ಪೂರ್ತಿ ಒಣಗಿಸಿ, ಆರಿದ ಮ್ಯಾಲೆ ಕಾಗದದಾಗ ಕಟ್ಟಬೇಕು. ಬಿಸಿ ಇದ್ದಾಗ ಪ್ಲಾಸ್ಟಿಕ್ಕಿನಾಗ ಹಾಕಿದ್ರ ಬೆವತು ಮೆತ್ತಗಾಗಿ ಬೂಸು ಹಿಡಿತೈತಿ. ಸ್ತ್ರೀಯರ ಸಂಘದಾಗ ರೊಟ್ಟಿ ಬಡಿಯಾಕ ಬರೋರು ಎಷ್ಟು ಮಂದಿ ಅದಾರ! ಆದ್ರ ರೊಟ್ಟಿ ಫೋಟೋದಾಗ ಚೆಂದ ಕಾಣಂಗಿಲ್ಲ, ಏನು ಮಾಡೋದು.

ಕೆಲವರಿಗೆ ಊಟಾನೂ ಬ್ಯಾಡ. "ಒಂದು ತಾಸು ಇಲ್ಲಿ ಕುಂಡ್ರಿ ಯವ್ವಾ, ಮೈ ತೊಳಕೊಂಡು ಬರತೇನಿ" ಅಂತಾರ. ಮೂರು ದಿನದಿಂದ ಜಳಕ ಇಲ್ಲ, ಕಾಟು ಬಿಟ್ಟು ಹೋಗಾಕ ಧೈರ್ಯ ಇಲ್ಲ. ಹಂಗ ಕುಂತರ ಸಲಾಯಿನ್ ಬಾಟಲಿ ಮ್ಯಾಲೆ ಕಣ್ಣಿಡಬೇಕು, ಮುಗಿಯಾಕ ಬಂದ್ರ ಸಿಸ್ಟರ್ ಅನ್ನ ಕರೀಬೇಕು. ನೀವ ಚಾವಿ ತಿರುವಬ್ಯಾಡ್ರಿ.

ಕಾಗದಪತ್ರ ಇನ್ನೊಂದು ಗೋಳು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದವರೆಗೂ ಚಿಕಿತ್ಸಾ ಖರ್ಚು ಸರಕಾರ ಕೊಡತೈತಿ. ಎಪಿಎಲ್ ಆದ್ರ ಪ್ಯಾಕೇಜ್ ದರದ ಶೇ. 30 ಅಷ್ಟ ಕೊಡತೈತಿ, ಅದೂ 1.5 ಲಕ್ಷದ ಒಳಗ. ಆದ್ರ ರೇಷನ್ ಕಾರ್ಡ್ ಊರಾಗ ಟ್ರಂಕಿನಾಗ, ಆಧಾರಿನಾಗ ಹೆಸರು ಒಂದು, ರೇಷನ್ ಕಾರ್ಡಿನಾಗ ಇನ್ನೊಂದು. ಓದಾಕ ಬರೋ ಒಬ್ಬ ಹುಡುಗ ಅರ್ಧ ದಿನ ಅವರ ಜೊತೆ ಕೌಂಟರಿನಿಂದ ಕೌಂಟರಿಗೆ ಅಡ್ಡಾಡಿದ್ರ, ಆ ಮನಿಗೆ ನೂರು ಬುಟ್ಟಿ ಬಾಳೆಹಣ್ಣಿನಕಿಂತ ದೊಡ್ಡದು.

ಡಿಸ್ಚಾರ್ಜ್ ದಿನ ಯಾರೂ ಬರಂಗಿಲ್ಲ. ಬಿಲ್ಲು, ಚೀಟಿ ಅಂತ ಸಂಜಿ ಆಗತೈತಿ, ಹಳ್ಳಿ ಬಸ್ಸು ಹೋಗಿರತೈತಿ. ಶಕ್ತಿ ಯೋಜನೆ 2023ರಿಂದ ಐತಿ, ಹೆಂಡತಿಗೆ ಟಿಕೀಟ್ ಇಲ್ಲ. ಹೊಟ್ಟಿಗೆ ಹೊಲಗಿ ಹಾಕಿಸಿಕೊಂಡ ಗಂಡಗ ಟಿಕೀಟೂ ಬೇಕು, ಕುಂಡ್ರಾಕ ಸೀಟೂ ಬೇಕು. ಆಕಿ ಆಧಾರ್ ಜೆರಾಕ್ಸ್ ಅಂಗಡ್ಯಾಗ ಬಿಟ್ಟು ಬಂದಿದ್ರ ಆಕಿಗೂ ರೊಕ್ಕ. ಬಸ್ ಹತ್ತಿಸೋಕಿಂತ ಮೊದಲು ಗುಳಿಗಿ ಶೀಟಿನ ಹಿಂದ ಪೆನ್ನಿನಿಂದ ಗುರುತು ಮಾಡಿಕೊಡ್ರಿ: ಮುಂಜಾನೇದಕ್ಕ ಸೂರ್ಯ, ರಾತ್ರೀದಕ್ಕ ಚಂದ್ರ. ಚೀಟಿ ನೋಡಿಕೊಂಡ ಹಾಕ್ರಿ, ಅನುಮಾನ ಬಂದ್ರ ಔಷಧ ಕೊಟ್ಟವರನ್ನ ಮತ್ತ ಕೇಳ್ರಿ.

ರಕ್ತದಾನಾನೂ ಹಂಗ. ಶುಭಶುಕ್ರವಾರ ಬಂತು ಅಂದ್ರ ಒಂದ ದಿನ ಎಲ್ಲಾರೂ ಸಾಲು ಹಚ್ಚತೇವಿ. ರಕ್ತದಿಂದ ತಗಿಯೋ ಪ್ಲೇಟ್‌ಲೆಟ್ ಕಣದ ಬಾಳಿಕಿ ಬರೀ 5 ದಿನ, ಒಂದ ದಿನ ಎಲ್ಲಾರೂ ಕೊಟ್ರ ಮುಂದಿನ ವಾರಕ್ಕ ಉಳಿಯಂಗಿಲ್ಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. 18 ವರ್ಷ ದಾಟಿರಬೇಕು, ತೂಕ ಕಡಿಮಿ ಅಂದ್ರ 45 ಕೆಜಿ, ಹಿಮೋಗ್ಲೋಬಿನ್ 12.5. ಸಭೆಯಾಗ ಕೊಡೋ ಗಂಡಸರು 65 ಮಂದಿ ಇದ್ರ ವಾರಕ್ಕ ಐದೈದು ಮಂದಿ ಪಾಳಿ ಹಚ್ಚಬಹುದು, 13 ವಾರಕ್ಕ ಮೊದಲಿನವರ ಪಾಳಿ ತಿರುಗಿ ಬರತೈತಿ. ವರ್ಷವಿಡೀ ಹರಿತೈತಿ. ಯಾವಾಗ ಎಷ್ಟು ಮಂದಿ ಬೇಕು ಅಂತ ರಕ್ತನಿಧಿಯವರನ್ನ ಕೇಳಬೇಕಷ್ಟ. ಮತ್ತ ಅದ ಮಾತು, ಕೇಳಬೇಕು.

ಇಷ್ಟೊತ್ತಿಗೆ ಯಾರರೆ ಮತ್ತಾಯ 5:16 ತಗದಿರತೀರಿ: ನಿಮ್ಮ ಬೆಳಕು ಮಂದಿ ಮುಂದ ಹೊಳೀಲಿ. ಫೋಟೋ ನೋಡಿ ನಾಲ್ಕು ಮಂದಿ ಹುರುಪಾಗತಾರ, ಅದೂ ಸೇವಾನ ಅಂತ. ಆತು. ಬೆಳಕು ನಿಮ್ಮದು ಹೊಳೀಲಿ ಅಂತೈತಿ. ಬ್ಯಾನಿ ಬಿದ್ದವನ ಮುಖ, ಅವನ ಯೂರಿನ್ ಚೀಲ ಹೊಳೀಲಿ ಅಂತ ಎಲ್ಲೂ ಇಲ್ಲ. ಒಂದ ಪುಟ ಹೊಳ್ಳಿಸಿದ್ರ 6:3 ಸಿಗತೈತಿ, ಬಲಗೈ ಕೊಟ್ಟಿದ್ದು ಎಡಗೈಗೆ ತಿಳೀಬಾರದು. ಈಗ ಎಡಗೈಯಾಗ ಮೊಬೈಲ ಇರತೈತಿ, ತಿಳೀದ ಹೆಂಗಿರತೈತಿ? ಒಪ್ಪತೇನಿ, ನನ್ನ ಎಡಗೈನೂ ಶುದ್ಧ ಇಲ್ಲ.

ಇನ್ನ ಆ ಕರಪತ್ರ. ಹಣ್ಣಿನ ಜೊತೀಗೆ ಕೊಟ್ಟ ಕೂಡಲೇ ಹಣ್ಣಿಗೆ ಬೆಲಿ ಹಚ್ಚಿದಂಗಾತು. ಹಾಸಿಗಿ ಬಿಟ್ಟು ಏಳಲಾರದ ಮನುಷ್ಯಾ ಬ್ಯಾಡ ಅನ್ನಾಕೂ ಬರದ ತಗೋತಾನ. ಲೂಕನ ಸುವಾರ್ತೆ ಹತ್ತನೇ ಅಧ್ಯಾಯದಾಗ ಸಮಾರ್ಯದವ ಒಬ್ಬ, ಕಳ್ಳರು ಬಡದು ದಾರ್ಯಾಗ ಬಿಟ್ಟುಹೋದವನ ಗಾಯಕ್ಕ ಎಣ್ಣಿ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಸವಾರಿ ಪ್ರಾಣಿ ಮ್ಯಾಲೆ ಕುಂಡ್ರಿಸಿದ, ಛತ್ರದಾಗ ಆರೈಕಿ ಮಾಡಿದ, ಮರುದಿನ ಎರಡು ದಿನಾರಿ ಕೊಟ್ಟ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ. ಮ್ಯಾಲೆ ಖರ್ಚಾದ್ರ ಬರೋವಾಗ ಕೊಡತೇನಿ ಅಂದ. ಜಾತಿ, ದೇವರು ವಿಚಾರಿಸಲಿಲ್ಲ, ಕರಪತ್ರ ಕೊಡಲಿಲ್ಲ, ತಿರುಗಿ ಬರತೇನಿ ಅಂದ. ನಾವು ತಿರುಗಿ ಹೋಗೋದು ಮುಂದಿನ ಕ್ರಿಸ್‌ಮಸ್‌ಗೆ.

ಯುರೋಪಿನಿಂದ ಬಂದ ಕ್ರೈಸ್ತ ಮಿಶನರಿಗಳು, ಬಾಸೆಲ್ ಮಿಶನ್ನಿನವರು, 1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ, 1841ರಾಗ ಬೆಟಗೇರಿಗೆ ಬಂದ್ರು. ಅವರ ಎಲ್ಲಾ ಕೆಲಸ ಒಪ್ಪಬೇಕಂತ ಇಲ್ಲ. ಆದ್ರ ಗದಗ-ಬೆಟಗೇರಿ ಮಂದಿ ಬಾಯಾಗ ಉಳದಿದ್ದು "ಜರ್ಮನ್ ದವಾಖಾನಿ" ಅನ್ನೋ ಹೆಸರು, ಕರಪತ್ರ ಅಲ್ಲ. 1894ರಾಗ ಕನ್ನಡ ನಿಘಂಟು ತಂದ ಅದ ಮಿಶನ್ನಿನ ಕಿಟೆಲ್ ಸಾಹೇಬ್ರು ನಮ್ಮ ಮಾತಿಗೆ ಕಿವಿ ಕೊಟ್ಟು ಕಲತ್ರು. ನಮಗ ಹುಟ್ಟಿದಾಗಿಂದ ಬರೋ ಕನ್ನಡದಾಗ ಒಂದು ಪ್ರಶ್ನೆ ಕೇಳಾಕ ಆಗವಲ್ದು.

ಈ ರವಿವಾರ ಹೋಗೋರಿದ್ರ ಫ್ಲೆಕ್ಸ್ ಒಯ್ಯಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. 6 ಅಡಿ ಉದ್ದ, 3 ಅಡಿ ಅಗಲ ಇದ್ರ ಒಬ್ಬರಿಗೆ ಬರೋಬ್ಬರಿ ಆಗತೈತಿ. ಅಕ್ಷರ ಇದ್ದ ಮಗ್ಗಲು ಕೆಳಗ ಮಾಡಿ ವರಾಂಡದಾಗ ಹಾಸಿಕೊಟ್ಟು ಬರ್ರಿ.