ಎಣ್ಣೆಗೆಂಪು ಗಂಡಿಗೆ ಹೆಣ್ಣು ಬೇಕಾಗಿದೆ

ಕಳೆದ ಭಾನುವಾರ ಅಕ್ಕನ ಮಗನಿಗೆ ಹೆಣ್ಣು ನೋಡುವ ಶಾಸ್ತ್ರ. ಎಷ್ಟನೆಯದು ಅಂತ ಲೆಕ್ಕ ಇಟ್ಟಿದ್ದವಳು ಅಕ್ಕ. ಹದಿನಾಲ್ಕಕ್ಕೆ ಅವಳೂ ಬಿಟ್ಟಳು. ಹುಡುಗನಿಗೆ 34. ನಾಲೆ ನೀರಿನ ಎರಡೂವರೆ ಎಕರೆ, ಕಬ್ಬು, ನಾಲ್ಕು ಸೀಮೆಹಸು.

ಶನಿವಾರ ಮಂಡ್ಯದ ಸಲೂನಿನಲ್ಲಿ ಅವನು ಖರ್ಚು ಮಾಡಿದ್ದು ನೋಡಿ ಕಬ್ಬಿನ ಬಾಕಿ ಬಂತೇನೋ ಅಂದುಕೊಂಡೆ. ಬಂದಿಲ್ಲವಂತೆ. ಮುಖಕ್ಕೆ ಫೇಶಿಯಲ್, ಗಡ್ಡಕ್ಕೆ ಎಣ್ಣೆ, ಕಬ್ಬಿನ ಗರಿ ಕೊಯ್ದ ಗೆರೆ ಕಾಣದ ಹಾಗೆ ತುಂಬು ತೋಳಿನ ಶರ್ಟು. "ಮಾವ, ಬೆಳ್ಳಗಾದ್ನಾ?" ಅಂದ. ಬೆಳ್ಳಗಾಗಿದ್ದು ಅವನ ಜೇಬು.

1975ರಿಂದ ದೇಶವನ್ನು ಬೆಳ್ಳಗೆ ಮಾಡಲು ಹೊರಟಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ 'ಫೇರ್' ಕಿತ್ತು 'ಗ್ಲೋ' ಹಾಕಿಕೊಂಡಿತು. ದೊಡ್ಡ ಸುದ್ದಿ. ಕಪ್ಪು ಅನ್ನೋ ಪದವನ್ನೇ ಬಾಯಿಗೆ ತರದೆ 'ಎಣ್ಣೆಗೆಂಪು' ಅನ್ನುವ ನಮ್ಮ ಮದುವೆ ದಲ್ಲಾಳಿಗಳು ಈ ವಿದ್ಯೆಯಲ್ಲಿ ಆ ಕಂಪನಿಗೇ ಗುರುಗಳು. ಒಂದು ರೂಪಾಯಿ ಜಾಹೀರಾತಿಲ್ಲ!

ಭಾನುವಾರ ಕೇಸರಿಬಾತ್ ಬಂತು. ಹುಡುಗಿಯ ಅಪ್ಪ ಮುಖ ನೋಡಲೇ ಇಲ್ಲ. "ಬೆಂಗಳೂರಲ್ಲಿ ಎಲ್ಲಿ ಕೆಲಸ?" "ಇಲ್ಲ, ಊರಲ್ಲೇ." "ಓ." ಅಷ್ಟೇ, ಕೇಸರಿಬಾತ್ ಆರುವ ಮೊದಲೇ ಶಾಸ್ತ್ರ ಮುಗಿಯಿತು. ಹೊಟ್ಟೆ ಮುಂದೆ ಬಂದಿರಲಿ, ತಲೆ ಬೋಳಾಗಿರಲಿ, ಕೊರಳಲ್ಲಿ ಕಂಪನಿಯ ಟ್ಯಾಗ್ ತೂಗಿದರೆ ಅವನೇ ಮನ್ಮಥ. ಹಾಗಂತ ಹುಡುಗಿಯರನ್ನು ಬೈಯಬೇಡಿ. ಬೆಳಗಿನ ಐದಕ್ಕೇ ಎದ್ದು ಸಗಣಿ ಬಾಚುವ ಅವ್ವನನ್ನು ನೋಡಿಕೊಂಡೇ ಅವರು ಬೆಳೆದಿದ್ದು.

2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶ ನೆನಪಿದೆ ಅಲ್ವಾ? ಹುಡುಗರು 11 ಸಾವಿರಕ್ಕೂ ಜಾಸ್ತಿ, ಹುಡುಗಿಯರು 250ರ ಆಸುಪಾಸು. ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಬ್ರಹ್ಮಚಾರಿಗಳು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದೇ ಹೋದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಪ, ಮಾದಪ್ಪನ ಗತಿ ನೋಡಿ. ಮೂವತ್ತು ವರ್ಷದ ಹಿಂದೆ ಇವರ ಅಪ್ಪ-ಅಮ್ಮ ಬಂದು "ಗಂಡು ಮಗು ಕೊಡಪ್ಪ" ಅಂತ ಹರಕೆ ಹೊತ್ತರು. ಕೊಟ್ಟ. ಈಗ ಅದೇ ಗಂಡು ಬಂದು "ಹೆಣ್ಣು ಕೊಡಪ್ಪ" ಅಂದರೆ ಅವನಾದರೂ ಎಲ್ಲಿಂದ ತರುತ್ತಾನೆ?

ಅದೇ 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆ ಸುದ್ದಿಯಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್. ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಹೇಳಬಾರದು ಅನ್ನೋ ಕಾನೂನು 1994ರಲ್ಲೇ ಬಂದಿದೆ. ನಮ್ಮವರು ಕಬ್ಬಿನ ಗದ್ದೆ ದಾಟಿಕೊಂಡು ಹೋಗಿ ಕೇಳಿಸಿಕೊಂಡು ಬಂದರು. ಹೆಣ್ಣು ಅಂದರೆ ತೆಗೆಸಿದರು. ಇದರ ಬಗ್ಗೆ ತಮಾಷೆ ಮಾಡೋಣ ಅಂತಲೇ ಬರೆಯಲು ಕೂತಿದ್ದೆ. ಆಗುತ್ತಿಲ್ಲ. ಹುಟ್ಟಲು ಬಿಡದ ಹುಡುಗಿ ಯಾವ ಫೇಶಿಯಲ್ ನೋಡಿ ಒಪ್ಪಬೇಕು? ಇಷ್ಟಾದರೂ ಅಕ್ಕನ ಬೀದಿಯಲ್ಲಿ ಬಸುರಿಯ ಹೊಟ್ಟೆ ನೋಡಿ "ಗಂಡೇ ಇರ್ಬೇಕು" ಅನ್ನೋದೇ ಇವತ್ತಿಗೂ ಆಶೀರ್ವಾದ.

ಭಾನುವಾರ ಸಂಜೆ ಹುಡುಗ ಶರ್ಟು ಕಳಚಿಟ್ಟು ಹಾಲು ಕರೆಯಲು ಕೂತ. ಸೀಮೆಹಸು ತಿರುಗಿ ಅವನ ಗಡ್ಡ ಮೂಸಿತು. ಗುರುತು ಹತ್ತಲಿಲ್ಲವೋ ಏನೋ, ಬಕೆಟ್ ಒದ್ದಿತು.