52 ನಿಮಿಷವಂತೆ!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಯಾವ ಎರಡು ಜಾಗ ಕೊಟ್ಟರೂ ನಡುವಿನ ದೂರ, ವಿಮಾನದ ಸಮಯ ಹೇಳುವ ಸೈಟ್ ಇದೆಯಲ್ಲ, ಗ್ರೂಪಿನಲ್ಲಿ ಒಬ್ಬರು ಅದರ ಸ್ಕ್ರೀನ್‌ಶಾಟ್ ಹಾಕಿದ್ದಾರೆ. ಎರಡು ಸಣ್ಣ ವಿಮಾನ ನಿಲ್ದಾಣ, ನಡುವೆ ನೀಲಿ ಗೆರೆ, ಕೆಳಗೆ ದಪ್ಪ ಅಕ್ಷರದಲ್ಲಿ ‘300 ಕಿ.ಮೀ., ಹಾರಾಟದ ಸಮಯ 52 ನಿಮಿಷ’. ಜೊತೆಗೆ ಇವರ ಮಾತು: ‘ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು.’ ಅದಕ್ಕೆ ಲೈಕ್‌ಗಳ ಸುರಿಮಳೆ ಬೇರೆ.

ನಾನು ಫ್ಲೈಟ್ ಡಿಸ್ಪ್ಯಾಚ್‌ನಲ್ಲಿ, ಅಂದರೆ ವಿಮಾನ ಹೊರಡುವ ಮೊದಲು ಅದರ ದಾರಿ, ಇಂಧನ, ಸಮಯದ ಲೆಕ್ಕ ಹಾಕುವ ಕೆಲಸದಲ್ಲಿ ಇದ್ದವನು ಅಂತ ನಿಮಗೆಲ್ಲ ಗೊತ್ತು. ಇಂಥದ್ದು ಕಂಡರೆ ಸುಮ್ನಿರೋಕೆ ಆಗಲ್ಲ. ಈ 52 ಎಲ್ಲಿಂದ ಬಂತು? ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿದ ಹಾಗೆ, ಎರಡು ಜಾಗದ ನಡುವಿನ ಅತಿ ಕಡಿಮೆ ದೂರ ತೆಗೆದುಕೊಳ್ಳಿ. ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ. 22 ನಿಮಿಷ ಚಿಲ್ಲರೆ ಬರುತ್ತದೆ. ಏರೋದಕ್ಕೆ, ಇಳಿಯೋದಕ್ಕೆ ಅಂತ ಮೇಲೊಂದು ಅರ್ಧ ಗಂಟೆ ಸೇರಿಸಿ. ಮುಗೀತು ಲೆಕ್ಕ!

ದೂರದ ಬಗ್ಗೆ ನನ್ನ ತಕರಾರಿಲ್ಲ. ಸಮಯದ್ದೇ ಗೋಳು. ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವುದು ಎಟಿಆರ್ 72ರಂಥ ಪ್ರೊಪೆಲರ್ ವಿಮಾನ. ಮೇಲೇರಿ ಸಮವಾಗಿ ಹಾರುವಾಗಲೂ ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಜೆಟ್ಟೇ ಬಂತು ಅಂದುಕೊಳ್ಳಿ, 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್‌ಗಳ ಮಿತಿ ಇರುತ್ತದೆ. ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಷ್ಟು ಹತ್ತಿರದ ಹಾರಾಟದಲ್ಲಿ ಏರೋದು ಇಳಿಯೋದರಲ್ಲೇ ಅರ್ಧ ದಾರಿ ಮುಗಿದಿರುತ್ತದೆ, ಇನ್ನು 800 ಮುಟ್ಟೋದು ಯಾವಾಗ?

ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ರನ್‌ವೇ ತುದಿಗೆ ಹೋಗೋಕೆ ಪಕ್ಕದಲ್ಲಿ ಬೇರೆ ದಾರಿ, ಅಂದರೆ ಟ್ಯಾಕ್ಸಿವೇ, ಇರೋದೇ ಇಲ್ಲ. ವಿಮಾನ ರನ್‌ವೇ ಮೇಲೇ ಮೆಲ್ಲಗೆ ಕೊನೆಯವರೆಗೆ ಹೋಗಿ, ಅಲ್ಲಿ ಪೂರಾ ತಿರುಗಿ ನಿಂತು, ಆಮೇಲೆ ಓಡಬೇಕು. ಆ ಹೊತ್ತಿಗೆ ಇನ್ನೊಂದು ವಿಮಾನ ಇಳಿಯೋಕೆ ಬಂದರೆ ಇದು ಕಾಯಬೇಕು. ಇನ್ನು ಗಾಳಿ. ಎದುರುಗಾಳಿಗೆ ಮುಖ ಮಾಡಿ ಏರಬೇಕಲ್ವಾ? ಹೋಗಬೇಕಾದ್ದು ಪೂರ್ವಕ್ಕೆ, ಗಾಳಿ ಪಶ್ಚಿಮದ್ದು ಅಂದರೆ ಮೊದಲು ಪಶ್ಚಿಮಕ್ಕೆ ಏರಿ ಸುತ್ತಿ ಬರಬೇಕು. ಆ ನೀಲಿ ಗೆರೆಗೆ ಇದ್ಯಾವುದೂ ಗೊತ್ತಿಲ್ಲ. ವೇಳಾಪಟ್ಟಿಗೆ ಗೊತ್ತು. ಚಕ್ರ ಉರುಳದಂತೆ ಅಡ್ಡ ಇಟ್ಟ ಚೋಕ್ ತೆಗೆದು ಹೊರಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದರದ್ದು.

‘ಅಂದಾಜು ತಾನೆ ಸರ್, ಯಾಕಿಷ್ಟು ಕೋಪ?’ ಅಂದರು ಒಬ್ಬರು. ಒಪ್ಪಿದೆ. 9,000 ಕಿ.ಮೀ. ಹಾರುವಾಗ 20 ನಿಮಿಷ ಆಚೆ ಈಚೆ ಆದರೆ ಯಾರಿಗೂ ಗೊತ್ತಾಗಲ್ಲ. 52 ನಿಮಿಷದಲ್ಲಿ 20 ತಪ್ಪಿದರೆ ಅದನ್ನು ಅಂದಾಜು ಅಂತಾರಾ? ಹತ್ತಿರದ ಊರುಗಳಿಗೇ ಈ ಸೂತ್ರ ಕೈಕೊಡೋದು. ಜನ ನಂಬೋದೂ ಅಲ್ಲೇ.

ತಡೆಯಲಾರದೆ ವೇಳಾಪಟ್ಟಿ ತೆಗೆದು ನೋಡಿದೆ. ಆ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ ಮಾರಾಯ್ರೆ! ದೊಡ್ಡ ನಿಲ್ದಾಣಕ್ಕೆ ಹೋಗಿ, ಅಲ್ಲಿ ಗಂಟೆಗಟ್ಟಲೆ ಕೂತು, ಇನ್ನೊಂದು ಹತ್ತಬೇಕು. ಸೈಟಿಗೆ ಅದರ ಗೊಡವೆಯೇ ಇಲ್ಲ. ಸಮುದ್ರದ ನಡುವೆ ಎರಡು ಜಾಗ ತೋರಿಸಿದರೂ ಗೆರೆ ಎಳೆದು ಸಮಯ ಹೇಳಿಬಿಡುತ್ತದೆ. ಇದನ್ನು ಗ್ರೂಪಿನಲ್ಲಿ ಬರೆದೆ. ಬಂದ ಉತ್ತರ: ‘ಆದ್ರೂ ಸರ್, 52 ನಿಮಿಷ ಅಂತ ಇದೆಯಲ್ಲ?’

ನಿಜ ಹೇಳಲಾ? ನಿದ್ದೆ ಬರದಿದ್ದರೆ ನಾನೂ ಇದೇ ಸೈಟ್ ತೆಗೆದು ಕೂರುತ್ತೇನೆ. ಹೆಸರೇ ಕೇಳದ ಊರುಗಳ ನಡುವೆ ಗೆರೆ ಎಳೆಯೋದು ಒಂದು ಹುಚ್ಚು. ಹೆಂಡತಿ ಬೈಯುತ್ತಾಳೆ. ಬೈಯಲಿ. ಆದರೆ ಅದನ್ನು ನಂಬಿ ಯಾರಿಗೂ ಟೈಮ್ ಕೊಡಲ್ಲ.

ಈ ಸೂತ್ರ ಯಾವಾಗಲೂ ಕಡಿಮೆಯೇ ಹೇಳುತ್ತದೆ ಅಂತಲೂ ಅಲ್ಲ. ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನ ಇದೆ. ದೂರ ಸುಮಾರು 2.7 ಕಿ.ಮೀ., ವೇಳಾಪಟ್ಟಿಯಲ್ಲಿ 2 ನಿಮಿಷ. ಈ ಸೂತ್ರ ಹಾಕಿದರೆ ಅರ್ಧ ಗಂಟೆ ಬರುತ್ತದೆ. ಅಷ್ಟರಲ್ಲಿ ಇಳಿದವರು ಮನೆ ಸೇರಿರುತ್ತಾರೆ.