ಕಬ್ಬನ್ ಇಂಗ್ಲಿಷರ ಹೆಸರಲ್ಲ

ಕಬ್ಬನ್ ಪಾರ್ಕಿನ ಹೆಸರು ಉಳಿಯಬೇಕೇ, ಹೋಗಬೇಕೇ ಎಂಬ ಜಗಳ ಆಗಾಗ ತಲೆಯೆತ್ತುತ್ತದೆ. ಅದು ಇಂಗ್ಲಿಷರ ಹೆಸರು ಎಂಬುದರಲ್ಲಿ ಮಾತ್ರ ಎರಡೂ ಕಡೆಯವರಿಗೆ ತಕರಾರಿಲ್ಲ. ನನಗಿದೆ. ಅದು ಮ್ಯಾಂಕ್ಸ್ ಹೆಸರು. ಇಂಗ್ಲೆಂಡ್ ಮತ್ತು ಐರ್ಲೆಂಡಿನ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದ್ದು. ಆ ದ್ವೀಪ ಬ್ರಿಟಿಷ್ ರಾಜಪೀಠಕ್ಕೆ ಅಧೀನ, ಆದರೆ ಇಂದಿಗೂ ಬ್ರಿಟನ್ನಿನ ಭಾಗವಲ್ಲ. ಅದಕ್ಕೆ ತನ್ನದೇ ಸಂಸತ್ತಿದೆ.

ಅಲ್ಲಿಯವರು ಆಡುತ್ತಿದ್ದುದು ಐರಿಷ್‌ಗೆ ಹತ್ತಿರದ ಮ್ಯಾಂಕ್ಸ್ ನುಡಿ. ಅದರಲ್ಲಿ 'ಮ್ಯಾಕ್' ಎಂದರೆ ಮಗ. ಗಿಲ್ಬರ್ಟನನ್ನು ಮುದ್ದಿನಿಂದ ಗಿಬ್ಬನ್ ಎಂದು ಕರೆಯುತ್ತಿದ್ದರು. ಅವನ ಮಗ ಮ್ಯಾಕ್ ಗಿಬ್ಬನ್. ಬಾಯಿಂದ ಬಾಯಿಗೆ ಬರುತ್ತಾ 'ಮ್ಯಾ' ಸವೆದುಹೋಗಿ, ಕೊನೆಯ ಕಕಾರವೊಂದು ಅಪ್ಪನ ಹೆಸರಿಗೆ ಅಂಟಿಕೊಂಡಿತು. ಮಳೆಗೆ ಕಾಲ ಸೇರಿ ಮಳೆಗಾಲವಾಗುವಾಗ ನಮ್ಮಲ್ಲಿ ಕಕಾರ ಗಕಾರವಾಗುತ್ತದೆ. ಅಲ್ಲಿ ತದ್ವಿರುದ್ಧ, ಗಕಾರ ಅಳಿದು ಕಕಾರ ನಿಂತಿತು. ದ್ವೀಪದ ಹಳೆಯ ಮನೆತನಗಳಲ್ಲಿ ಅನೇಕವು ಹೀಗೆಯೇ: ವಿಲಿಯಮ್‌ನ ಮಗ ಕ್ವಿಲಿಯಮ್, ಐಸಾಕನ ಮಗ ಕಿಸ್ಸಾಕ್, ಲೂಕಾಸನ ಮಗ ಕ್ಲೂಕಸ್. ಕಾರ್ಲೆಟ್ ಎಂಬುದರೊಳಗಂತೂ ವೈಕಿಂಗರ ದೇವರಾದ ಥೋರನ ಹೆಸರಿದೆ, ಉತ್ತರದ ಆ ಕಡಲಯೋಧರು ಆಳಿದ ಕುರುಹಾಗಿ. ನನ್ನ ಮಟ್ಟಿಗೆ ಇವು ಶಾಸನಗಳಷ್ಟೇ ಬೆಲೆಯುಳ್ಳ ದಾಖಲೆಗಳು.

ಪಾರ್ಕಿನ ಹೆಸರಿಗೆ ಕಾರಣರಾದ ಮಾರ್ಕ್ ಕಬ್ಬನ್ ಆ ದ್ವೀಪದ ಪಾದ್ರಿಯೊಬ್ಬರ ಮಗ. 1800ರಲ್ಲಿ ಮದ್ರಾಸ್ ಸೈನ್ಯ ಸೇರಿದ ಅವರು 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್, ಅಂದರೆ ಬ್ರಿಟಿಷರ ಪರವಾಗಿ ಆಡಳಿತ ನಡೆಸುವ ಮುಖ್ಯ ಅಧಿಕಾರಿ, ಆಗಿದ್ದರು. ಅವರಿಗಿಂತ ಮೊದಲೇ ಮೈಸೂರಿನ ರೆಸಿಡೆಂಟ್ (ಅರಸರ ಬಳಿ ಇದ್ದ ಬ್ರಿಟಿಷ್ ಪ್ರತಿನಿಧಿ) ಆಗಿದ್ದ, ನಮ್ಮ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಕಬ್ಬನ್ನರ ಸೋದರಮಾವ. ಆತನೂ ಅದೇ ದ್ವೀಪದವನು. ಊರಿಗೆ ಮರಳುವ ದಾರಿಯಲ್ಲಿ ಕಬ್ಬನ್ ಈಜಿಪ್ಟಿನ ಸೂಯೆಜ್‌ನಲ್ಲಿ ತೀರಿಕೊಂಡರು. ಪಾರ್ಕು ಆದದ್ದು ಆಮೇಲೆ, 1870ರಲ್ಲಿ. ಅದನ್ನು ಅವರು ನೋಡಲೇ ಇಲ್ಲ.

ಅವರು ಪರಕೀಯ ಆಡಳಿತದ ಅಧಿಕಾರಿ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರ ನಾಡಿನ ನುಡಿಯನ್ನೂ ಇಂಗ್ಲಿಷೇ ನುಂಗಿತು. ಮ್ಯಾಂಕ್ಸ್ ತಾಯಿನುಡಿಯಾಗಿದ್ದ ಕೊನೆಯ ವ್ಯಕ್ತಿ, ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ, 1974ರಲ್ಲಿ ತೀರಿಕೊಂಡ. ಅಲ್ಲಿಯವರು ಪಟ್ಟುಬಿಡದೆ 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ತೆರೆದರು. ಕನ್ನಡ ಶಾಲೆಗಳ ಅಳಿವು-ಉಳಿವಿಗಾಗಿ ಹೋರಾಡುವ ನಮಗೆ ಈ ಸಂಗತಿ ದೂರದ್ದಲ್ಲ.

2020ರಲ್ಲಿ ಕಬ್ಬನ್ ಪ್ರತಿಮೆಯನ್ನು ಹೈಕೋರ್ಟಿನ ಆವರಣದಿಂದ ಪಾರ್ಕಿನೊಳಕ್ಕೆ ತಂದರು. ಅಲ್ಲಿಯೇ ಒಂದು ಫಲಕ ಹಾಕಿ ಕನ್ನಡದಲ್ಲಿ ಈ ಹೆಸರಿನ ಮೂಲವನ್ನೂ ಬರೆಯಲಿ. 'ಇಂಗ್ಲಿಷ್ ಅಧಿಕಾರಿ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಬೇಡ.